ಗೆಣ್ಣು ಹುಡುಕಿ, ಆಮೇಲೆ ಒತ್ತು ಹಾಕಿ: ಡಚ್ ಜೋಡುಪದಗಳ ದೋಷ ನಿವಾರಣೆ

ನೆದರ್‌ಲ್ಯಾಂಡ್ಸ್‌ಗೆ ಬಂದು ಡಚ್ ಕಲಿಯುವ ನಮ್ಮವರ ದೂರು ಹೆಚ್ಚು ಕಡಿಮೆ ಒಂದೇ. ಪದ ಗೊತ್ತು, ವ್ಯಾಕರಣವೂ ತಕ್ಕಮಟ್ಟಿಗೆ ಬರುತ್ತದೆ. ಆದರೂ ಬಾಯಿ ಬಿಟ್ಟರೆ ಎದುರಿಗಿದ್ದವರು ‘ವಟ್ ಝೆಖ್ಟ್ ಯು?’ ಅಂತ ಕೇಳುತ್ತಾರೆ. ಏನಂದ್ರಿ ಅಂತ. ಇನ್ನೊಂದು ಸಲ ಹೇಳಿದರೆ ಅವರೇ ಇಂಗ್ಲಿಷ್‌ಗೆ ಹೊರಳಿಬಿಡುತ್ತಾರೆ.

ನಾನು ನೋಡಿದ ಮಟ್ಟಿಗೆ ದೋಷ ಹೆಚ್ಚಾಗಿ ಉದ್ದ ಪದಗಳಲ್ಲೇ ಇರುತ್ತದೆ. ಡಚ್ಚರು ಎರಡು, ಮೂರು, ನಾಲ್ಕು ಪದಗಳನ್ನು ಜಾಗ ಬಿಡದೆ ಕೂಡಿಸಿ ಬರೆಯುತ್ತಾರೆ. ಅದು ಕಬ್ಬಿನ ಜಲ್ಲೆ ಇದ್ದ ಹಾಗೆ. ದೂರದಿಂದ ಒಂದೇ ಕೋಲು, ಹತ್ತಿರ ಹೋದರೆ ಗೆಣ್ಣು ಕಾಣುತ್ತದೆ. ಗೆಣ್ಣು, ಅಂದರೆ ಎರಡು ಪದ ಕೂಡುವ ಜಾಗ, ಎಲ್ಲಿದೆ ಅಂತ ತಿಳಿದರೆ ತುಣುಕು (ಇಂಗ್ಲಿಷಿನಲ್ಲಿ ಸಿಲಬಲ್) ಸರಿಯಾಗುತ್ತದೆ, ತುಣುಕು ಸರಿಯಾದರೆ ಒತ್ತು (ದನಿ ಭಾರ ಹಾಕುವುದು) ಮುಕ್ಕಾಲು ಪಾಲು ತಾನಾಗಿಯೇ ಬರುತ್ತದೆ. ನಾವು ಮಾಡುವುದು ಇದರ ಉಲ್ಟಾ. ಮೊದಲು ಒತ್ತು ಎಲ್ಲಿ ಅಂತ ತಲೆ ಕೆಡಿಸಿಕೊಳ್ಳುತ್ತೇವೆ.

ಬೇಕಾದ ಸಾಮಾನು: ಒಂದು ಪೆನ್ಸಿಲ್, ಧ್ವನಿ ಮುದ್ರಿಸುವ ಫೋನ್, ಅಷ್ಟೆ. ಕೆಳಗೆ ತುಣುಕುಗಳ ನಡುವೆ ಸಣ್ಣ ಗೀಟು ಹಾಕಿದ್ದೇನೆ. ಒತ್ತು ಬೀಳುವ ತುಣುಕಿನ ಮುಂದೆ ˈ ಗುರುತು ಇದೆ. ‘ಖ’ ಅಂದರೆ ಗಂಟಲು ಕೆರೆಯುವ ಸದ್ದು, ‘ಝ’ ಅಂದರೆ ಝೂ ಅನ್ನುವಾಗಿನ ಸದ್ದು. ‘ಹೌಸ್’ ಎಂದು ಬರೆದಿರುವಲ್ಲಿ ತುಟಿ ದುಂಡಗಿರಲಿ, ಇಂಗ್ಲಿಷಿನ ಮನೆಯಲ್ಲ ಅದು. ಕನ್ನಡ ಲಿಪಿ ಡಚ್ ದನಿಯನ್ನು ಪೂರ್ತಿ ಹಿಡಿಯುವುದಿಲ್ಲ, ಕಿವಿಯೇ ಕೊನೆಯ ತೀರ್ಪು.

ಲಕ್ಷಣ 1: ಪದ ನೋಡಿದರೇ ಉಸಿರು ಕಟ್ಟುತ್ತದೆ

ಆರೋಗ್ಯ ವಿಮೆಯ ಕಾಗದದಲ್ಲಿ ‘ಝೀಕ್ಟಕೋಸ್ಟನ್‌ವರ್ಝೇಕರಿಂಗ್’ ಅಂತ ಒಂದೇ ಪದ ಬಂದಿರುತ್ತದೆ. ಎಡದಿಂದ ಓದಲು ಹೊರಟರೆ ಅರ್ಧ ದಾರಿಯಲ್ಲಿ ಮರೆತುಹೋಗುತ್ತದೆ.

ಬಲದಿಂದ ಕಡಿಯಿರಿ. ಡಚ್ ಜೋಡುಪದದ ಯಜಮಾನ ಕೊನೆಯಲ್ಲಿ ಕೂತಿರುತ್ತಾನೆ, ನಮ್ಮ ಭಾಷೆಯಂತೆಯೇ. ಮಳೆಗಾಲ ಅಂದರೆ ಒಂದು ಕಾಲ, ಮಳೆಯಲ್ಲ. ಹಾಗೆಯೇ ಇಲ್ಲಿ ಕೊನೆಯ ‘ವರ್ಝೇಕರಿಂಗ್’ ಅಂದರೆ ವಿಮೆ. ಅದನ್ನು ಪೆನ್ಸಿಲ್‌ನಿಂದ ಕತ್ತರಿಸಿ. ಉಳಿದದ್ದರ ಕೊನೆಯಲ್ಲಿ ‘ಕೋಸ್ಟನ್’, ಖರ್ಚು. ಇನ್ನುಳಿದದ್ದು ‘ಝೀಕ್ಟ’, ಕಾಯಿಲೆ. ಕಾಯಿಲೆ ಖರ್ಚಿನ ವಿಮೆ. ಪದದ ಮುಂದೆ ‘ಡ’ ಬರಬೇಕೋ ‘ಹೆಟ್’ ಬರಬೇಕೋ (ಎರಡೂ ಇಂಗ್ಲಿಷಿನ ‘ದ’ ಥರದವು) ಎನ್ನುವುದನ್ನೂ ಈ ಕೊನೆಯ ತುಂಡೇ ತೀರ್ಮಾನಿಸುತ್ತದೆ.

ಕಡಿದ ಮೇಲೆ ಎಡಗಡೆ ಒಂದು ‘ಸ್’ ಅಥವಾ ‘ಅನ್’ ಜಾಸ್ತಿ ಉಳಿದರೆ ಗಾಬರಿ ಬೇಡ. ಅದು ಎರಡು ಪದಗಳನ್ನು ಕೂಡಿಸುವ ಅಂಟು, ಸೇರುವುದು ಎಡಗಡೆಯ ಪದಕ್ಕೆ. ರೈಲು ನಿಲ್ದಾಣದ ಮುಂದಿನ ಚೌಕ ‘ಸ್ಟಾ-ˈಶೊನ್ಸ್-ಪ್ಲೈನ್’. ನಮ್ಮ ಬಾಯಿ ಆ ಸ್ ಅನ್ನು ಮುಂದಕ್ಕೆ ತಳ್ಳಿ ‘ಸ್ಪ್ಲೈನ್’ ಮಾಡುತ್ತದೆ. ಅಂಥ ಪದ ಅವರಲ್ಲಿಲ್ಲ, ಹಾಗಾಗಿ ಕೇಳಿದವರು ತಬ್ಬಿಬ್ಬಾಗುತ್ತಾರೆ. ‘ಅನ್’ ಅಂಟಿನಲ್ಲಿರುವ ನ್ ಸದ್ದನ್ನು ಅನೇಕರು ನುಂಗಿಯೇಬಿಡುತ್ತಾರೆ. ದೋಸೆಯ ದೂರದ ನೆಂಟ ಪ್ಯಾನ್‌ಕೇಕ್‌ಗೆ ಬರೆಯುವುದು ‘ಪನನ್‌ಕೂಕ್’, ಕೇಳುವುದು ಸಾಮಾನ್ಯವಾಗಿ ‘ˈಪ-ನ-ಕೂಕ್’. ಆ ನ್ ಬರವಣಿಗೆಗೆ ಬಂದದ್ದೂ 1995ರ ಕಾಗುಣಿತ ಬದಲಾವಣೆಯಲ್ಲಿ.

ಇಲ್ಲಿಗೇ ಸರಿಹೋದರೆ ನಿಲ್ಲಿಸಿ. ತುಂಬ ಜನರ ತೊಂದರೆ ಇಷ್ಟೇ ಇರುತ್ತದೆ.

ಲಕ್ಷಣ 2: ಎಲ್ಲ ಅಕ್ಷರ ಹೇಳಿದ್ದೀರಿ, ಆದರೂ ಅವರಿಗೆ ಅರ್ಥವಾಗುತ್ತಿಲ್ಲ

ಇದು ನಮ್ಮವರ ಖಾಸಾ ದೋಷ. ಇಲ್ಲಿ ಸ್ವಲ್ಪ ನಿಂತು ನೋಡೋಣ.

ನಾನು ಹೊಸದರಲ್ಲಿ ಒಂದು ಕ್ಲಿನಿಕ್‌ನ ಸ್ವಾಗತ ಮೇಜಿನ ಮುಂದೆ ನಿಂತು ‘ಟಂಡಾರ್ಟ್ಸ್’ ಅಂದೆ. ಹಲ್ಲಿನ ಡಾಕ್ಟರ್ ಬೇಕಿತ್ತು. ಆಕೆ ಕಣ್ಣು ಮಿಟುಕಿಸಿ ಸುಮ್ಮನಾದರು. ಮೂರನೇ ಸಲಕ್ಕೆ ದವಡೆ ತೋರಿಸಿದೆ. ‘ಆ, ˈಟಂಟ್-ಅರ್ಟ್ಸ್!’ ಅಂದರು. ನಾನು ಅದನ್ನೇ ಅಲ್ವಾ ಹೇಳಿದ್ದು ಅಂತ ನನಗೆ ಸಿಟ್ಟು.

ಅದನ್ನೇ ಹೇಳಿರಲಿಲ್ಲ. ‘ಟಂಡ್’ ಅಂದರೆ ಹಲ್ಲು, ‘ಅರ್ಟ್ಸ್’ ಅಂದರೆ ವೈದ್ಯ. ಬರೆಯುವಾಗ ಡ್ ಇದ್ದರೂ ಪದದ ಕೊನೆಗೆ ಬಂದಾಗ ಡಚ್ಚರು ಅದನ್ನು ಟ್ ಮಾಡುತ್ತಾರೆ. ಜೋಡುಪದದ ಒಳಗಿನ ಗೆಣ್ಣು ಕೂಡ ಪದದ ಕೊನೆಯೇ. ಹಲ್ಲುಗಳು ಅನ್ನುವಾಗ ‘ˈಟಂಡ(ನ್)’, ಅಲ್ಲಿ ಡ್ ಉಳಿಯುತ್ತದೆ, ಏಕೆಂದರೆ ಗೆಣ್ಣಿಲ್ಲ. ಹಲ್ಲಿನ ಡಾಕ್ಟರ್ ಅನ್ನುವಾಗ ಗೆಣ್ಣಿದೆ, ಹಾಗಾಗಿ ಟ್. ರಾತ್ರಿ ಊಟವೂ ಹೀಗೆಯೇ: ‘ˈಆ-ವೊಂಟ್-ಏ-ಟ(ನ್)’. ‘ಆವೊಂಡೇಟನ್’ ಅಲ್ಲ. ಮನೆ ಡಾಕ್ಟರ್ ‘ˈಹೌಸ್-ಅರ್ಟ್ಸ್’. ಮನೆಗಳು ಅನ್ನುವಾಗ ಬರುವ ಝ ಇಲ್ಲಿ ಬರುವುದಿಲ್ಲ.

ಈಗ ನಮ್ಮ ಕಡೆ ನೋಡಿ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ, ಸತ್ ಮತ್ತು ಆಚಾರ ಸೇರಿದರೆ ಸದಾಚಾರ. ಪದ ಕೂಡುವ ಕಡೆ ಗಡಸು ಸದ್ದನ್ನು ಮೆದು ಮಾಡುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಡಚ್ಚರದು ಅದೇ ಜಾಗದಲ್ಲಿ ತಿರುಗುಮುರುಗು. ನಾವು ಸಂಧಿ ಮಾಡಿ ಗೆಣ್ಣನ್ನು ಸವರಿಬಿಡುತ್ತೇವೆ. ಅವರು ಗೆಣ್ಣನ್ನು ಗಟ್ಟಿ ಮಾಡಿ ತೋರಿಸುತ್ತಾರೆ.

ಇನ್ನೊಂದು ಕಾರಣ ನಮ್ಮ ಲಿಪಿ. ‘ಕನ್ನಡ’ ಎಂದು ಬರೆದಾಗ ಮೊದಲ ನ್ ಎರಡನೆಯ ಅಕ್ಷರಕ್ಕೆ ಹತ್ತಿ ‘ನ್ನ’ ಆಗುತ್ತದೆ. ಕಣ್ಣಿಗೆ ಅದು ಕ-ನ್ನ-ಡ. ಕಿವಿಗೆ ಮಾತ್ರ ಕನ್-ನ-ಡ. ಶಾಲೆಯಲ್ಲಿ ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಹೇಳಿಕೊಟ್ಟದ್ದು ಇದಕ್ಕೇ. ಡಚ್ ಓದುವಾಗ ಪ್ರಸ್ತಾರದ ಕಿವಿ ಇಟ್ಟುಕೊಳ್ಳಿ, ಲಿಪಿಯ ಕಣ್ಣು ಬೇಡ.

ಅಗ್ಗದ ಪರೀಕ್ಷೆ ಒಂದಿದೆ. ಗೆಣ್ಣಿನಲ್ಲಿ ಒಂದು ಕ್ಷಣ ನಿಂತು ಹೇಳಿ. ಟಂಟ್. ಅರ್ಟ್ಸ್. ಆಮೇಲೆ ನಿಲುವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ, ಟ್ ಮಾತ್ರ ಬದಲಾಗದಿರಲಿ. ಬೇಗ ಮಾತಾಡುವಾಗ ಡಚ್ಚರೂ ಎರಡನ್ನೂ ಅಂಟಿಸುತ್ತಾರೆ. ಆದರೆ ಆ ಟ್ ಸಾಮಾನ್ಯವಾಗಿ ಡ್ ಆಗುವುದಿಲ್ಲ.

ಇದೇ ಗುಂಪಿನ ಇನ್ನೆರಡು ಬಲೆಗಳಿವೆ. ಮೊದಲನೆಯದು ಮಹಾಪ್ರಾಣದ್ದು. ಹ ಸದ್ದಿನ ಮುಂದೆ ಟ್, ಪ್ ಬಂದರೆ ನಮ್ಮ ನಾಲಿಗೆ ಎರಡನ್ನೂ ಕೂಡಿಸಿ ಒಂದು ಮಹಾಪ್ರಾಣ ಮಾಡಿಬಿಡುತ್ತದೆ, ಇಂಗ್ಲಿಷ್ ಕಣ್ಣು ಅದನ್ನೇ ಫ ಎಂದು ಓದುತ್ತದೆ. ಹಾಗಾಗಿಯೇ ಅಷ್ಟು ಜನ ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣವನ್ನು ‘ಶಿಫೋಲ್’ ಅನ್ನುವುದು. ಅದು ‘ˈಸ್ಖಿಪ್-ಹೊಲ್’. ಪ್ ಒಂದು ಕಡೆ, ಹ ಇನ್ನೊಂದು ಕಡೆ. ಎರಡನೆಯದು ಅನುಸ್ವಾರದ್ದು. ಪ್ರತಿ ಕಟ್ಟಡದ ಬಾಗಿಲಲ್ಲೂ ಪ್ರವೇಶ ಅಂತ ಬರೆದಿರುವ ಪದವನ್ನು ನಾವು ‘ಇಂಗಾಂಗ್’ ಎಂದು ಓದುತ್ತೇವೆ. ‘ಇನ್’ ಅಂದರೆ ಒಳಗೆ, ‘ಖಂಗ್’ ಅಂದರೆ ನಡೆ. ‘ˈಇನ್-ಖಂಗ್’. ಮೊದಲ ತುಣುಕಿಗೆ ಸೊನ್ನೆ ಹಾಕಿದ ಕೂಡಲೇ ಗೆಣ್ಣು ಮಾಯ.

ಒಂದು ಸಮಾಧಾನವೂ ಇದೆ. ಗೆಣ್ಣಿನ ಬಲಗಡೆ ಬ್ ಅಥವಾ ಡ್ ಇದ್ದರೆ ಡಚ್ಚರು ನಮ್ಮ ಹಾದಿಗೇ ಬರುತ್ತಾರೆ. ವಾಕ್ ಮತ್ತು ದಾನ ಸೇರಿ ವಾಗ್ದಾನ ಆದ ಹಾಗೆ, ಜೇಬಿನ ‘ಝಕ್’ ಮತ್ತು ಬಟ್ಟೆಯ ‘ಡೂಕ್’ ಸೇರಿ ಕರವಸ್ತ್ರ ‘ˈಝಗ್-ಡೂಕ್’ ಆಗುತ್ತದೆ. ಕಾಲ್ಚೆಂಡು ‘ˈವೂಡ್-ಬಲ್’. ಇಲ್ಲಿ ನಮ್ಮ ಸಂಧಿ ಬುದ್ಧಿಯನ್ನು ಸಡಿಲ ಬಿಡಬಹುದು.

ಲಕ್ಷಣ 3: ತುಣುಕು ಸರಿ, ರಾಗ ತಪ್ಪು

ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ. ಹ್ರಸ್ವ ದೀರ್ಘ ಬದಲಾದರೆ ಬದಲಾಗುತ್ತದೆ. ಹಾಗಾಗಿ ಎಲ್ಲಿ ಉದ್ದ ಸ್ವರ ಕಂಡರೆ ಅಲ್ಲಿ ನಮ್ಮ ದನಿ ಭಾರ ಹಾಕುತ್ತದೆ. ಆಸ್ಪತ್ರೆಯನ್ನು ‘ಝೀಕನ್-ˈಹೌಸ್’ ಅನ್ನುವುದು ಇದರಿಂದಲೇ. ಸರಿಯಾದದ್ದು ‘ˈಝೀ-ಕ(ನ್)-ಹೌಸ್’.

ಸಾಮಾನ್ಯ ನಿಯಮ: ದೊಡ್ಡ ಒತ್ತು ಮೊದಲ ಪದಕ್ಕೆ. ಎರಡನೆಯ ಪದಕ್ಕೆ ಚಿಕ್ಕ ಒತ್ತು ಉಳಿಯುತ್ತದೆ, ಪೂರ್ತಿ ಸಾಯುವುದಿಲ್ಲ. ಆದರೆ ಮೊದಲ ಪದ ಅಂದರೆ ಮೊದಲ ತುಣುಕು ಅಂತ ತಿಳಿಯಬೇಡಿ. ಕಲಿತವರೂ ಎಡವುವುದು ಇಲ್ಲೇ. ವಾಸದ ಪರವಾನಗಿ, ಇಲ್ಲಿಗೆ ಬಂದ ಪ್ರತಿ ಕನ್ನಡಿಗನೂ ಮೊದಲ ತಿಂಗಳಲ್ಲೇ ಕಲಿಯುವ ಪದ, ‘ವರ್-ˈಬ್ಲೈಫ್ಸ್-ಫರ್-ಖುನ್-ನಿಂಗ್’. ಮೊದಲ ಪದವಾದ ‘ವರ್ಬ್ಲೈಫ್’ ಒಂಟಿಯಾಗಿದ್ದಾಗಲೂ ಒತ್ತು ‘ಬ್ಲೈಫ್’ ಮೇಲೆಯೇ. ಜೋಡಿಯಾದ ಮೇಲೂ ಅಲ್ಲೇ ಇರುತ್ತದೆ. ನಡುವಿನ ಸ್ ಪಕ್ಕದ ವ ಸದ್ದನ್ನು ಫ ಮಾಡಿದ್ದನ್ನೂ ಗಮನಿಸಿ. ಊರ ಕಚೇರಿ ‘ಖ-ˈಮೇನ್-ಟ-ಹೌಸ್’. ತೆರಿಗೆ ಇಲಾಖೆ ‘ಬ-ˈಲಸ್-ಟಿಂಗ್-ಡೀನ್ಸ್ಟ್’.

ಹಾಗಾಗಿ ಕ್ರಮ ಇಷ್ಟು. ಗೆಣ್ಣು ಕಡಿಯಿರಿ. ಎಡಗಡೆಯ ಪದವನ್ನು ಒಂಟಿಯಾಗಿ ಹೇಳಿ, ಅದರ ಒತ್ತು ಗುರುತಿಸಿ. ಉಳಿದದ್ದನ್ನು ತಗ್ಗಿದ ದನಿಯಲ್ಲಿ ಹಿಂದೆ ಜೋಡಿಸಿ. ಎಡಗಡೆಯ ಪದದ ಒತ್ತೂ ಗೊತ್ತಿಲ್ಲದಿದ್ದರೆ ಒಂದು ಸುಳಿವು: ಪದದ ಮೊದಲಿಗೆ ಹತ್ತುವ ‘ಖ’, ‘ಬ’, ‘ವರ್’ ಪ್ರತ್ಯಯಗಳ ಸ್ವರ ಮಂಕು ಸ್ವರ, ಅದರ ಮೇಲೆ ಒತ್ತು ಬೀಳುವುದಿಲ್ಲ.

ಫೋನಿನಲ್ಲಿ ಮುದ್ರಿಸಿ ಕೇಳುವಾಗ ಪದ ಬಿಟ್ಟು ರಾಗ ಮಾತ್ರ ಗುನುಗಿ ನೋಡಿ. ಡಂ-ಡ-ಡ ಬಂತೋ, ಡ-ಡ-ಡಂ ಬಂತೋ? ನಾಚಿಕೆ ಎನಿಸಿದರೆ ಬಚ್ಚಲುಮನೆಯಲ್ಲಿ ಮಾಡಿ.

ಲಕ್ಷಣ 4: ನಿಯಮ ಪಾಲಿಸಿದಿರಿ, ನಕ್ಕರು

ನಿಯಮ ಮುರಿಯುವ ಪದಗಳಿವೆ. ಅವು ದಿನಬಳಕೆಯವೇ ಆಗಿರುವುದು ನಮ್ಮ ಗ್ರಹಚಾರ. ಪುರಭವನ ‘ಸ್ಟಟ್-ˈಹೌಸ್’, ಮೇಯರ್ ‘ಬುರ್-ಖ-ˈಮೇ-ಸ್ಟರ್’, ಹೊಸ ವರ್ಷ ‘ನೀವ್-ˈಯಾರ್’, ಉನ್ನತ ವೃತ್ತಿ ಶಿಕ್ಷಣದ ಕಾಲೇಜು ‘ಹೋ-ಖ-ˈಸ್ಖೋಲ್’. ಚಳಿಗಾಲದಲ್ಲಿ ಆಲೂಗಡ್ಡೆ ಜೊತೆ ಕಿವುಚಿ ತಿನ್ನುವ ಎಲೆಕೋಸಿನ ಜಾತಿಯ ಸೊಪ್ಪು ‘ಬೂ-ರ-ˈಕೋಲ್’. ಇವನ್ನು ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ. ಇವು ಇನ್ನೊಂದು ಜೋಡುಪದದ ಎಡಗಡೆ ಕೂತಾಗಲೂ ತಮ್ಮ ಒತ್ತು ಬಿಟ್ಟುಕೊಡುವುದಿಲ್ಲ. ಪುರಭವನದ ಮುಂದಿನ ಚೌಕ ‘ಸ್ಟಟ್-ˈಹೌಸ್-ಪ್ಲೈನ್’.

ಊರ ಹೆಸರುಗಳದ್ದು ಬೇರೆಯೇ ಲೋಕ. ಆಮ್‌ಸ್ಟಲ್ ನದಿಗೆ ಕಟ್ಟಿದ ಅಣೆಕಟ್ಟಿನಿಂದ ಬಂದ ಹೆಸರು ‘ಅಮ್-ಸ್ಟರ್-ˈಡಮ್’. ರೊಟ್ಟ ನದಿಯದು ‘ರೊ-ಟರ್-ˈಡಮ್’. ನಮ್ಮವರು ತುಂಬ ಇರುವ ‘ಅಮ್-ಸ್ಟಲ್-ˈವೇನ್’, ಮತ್ತೆ ‘ಝೂ-ಟರ್-ˈಮೇರ್’, ಇವೆಲ್ಲ ಬಾಲಕ್ಕೇ ಭಾರ. ಆದರೆ ‘ˈಐಂಟ್-ಹೋ-ವನ್’ ತಲೆಗೆ ಭಾರ, ‘ˈಹೋಫ್-ಡೊರ್ಪ್’ ಕೂಡ. ಡಮ್, ವೇನ್, ಮೇರ್ ಕೊನೆಯಾದರೆ ಬಾಲ ಅಂತ ಊಹಿಸಬಹುದು, ಉಳಿದದ್ದಕ್ಕೆ ರೈಲಿನ ಘೋಷಣೆ ಕೇಳಿ. ಟಿಕೆಟ್ ದುಡ್ಡಿನಲ್ಲಿ ಪಾಠವೂ ಸೇರಿದೆ.

ಇನ್ನೊಂದು ಸಣ್ಣ ಗುಂಪು: ಜೋಡುಪದಕ್ಕೆ ‘ಅಖ್’ ಎಂಬ ಬಾಲ ಹತ್ತಿ ವಿಶೇಷಣವಾದರೆ ಒತ್ತು ಎಷ್ಟೋ ಸಲ ಬಾಲದ ಪಕ್ಕಕ್ಕೆ ಸರಿಯುತ್ತದೆ. ಆಕಸ್ಮಿಕ ‘ˈಟೂ-ವಲ್’, ಆಕಸ್ಮಿಕವಾದ ‘ಟೂ-ˈವಲ್-ಲಖ್’. ಗಮನ ‘ˈಆನ್-ಡಖ್ಟ್’, ಗಮನವಿಟ್ಟ ‘ಆನ್-ˈಡಖ್-ಟಖ್’.

ಲಕ್ಷಣ 5: ಅರ್ಥವೇ ತಲೆಕೆಳಗಾಯಿತು

ಒಂದೇ ಅಕ್ಷರಸಾಲು, ಎರಡು ಗೆಣ್ಣು. ಡಚ್ಚರಿಗೇ ಇದು ತಮಾಷೆಯ ಸರಕು. ತರಕಾರಿ ಅಂಗಡಿಯ ಚೆರ್ರಿ ಟೊಮೇಟೊ ‘ˈಕೆರ್ಸ್-ಟೋ-ಮಾ-ಟ್ಯಸ್’. ಗೆಣ್ಣನ್ನು ಒಂದು ಅಕ್ಷರ ಸರಿಸಿ ‘ˈಕೆರ್ಸ್ಟ್-ಓ-ಮಾ-ಟ್ಯಸ್’ ಅಂದರೆ ಕ್ರಿಸ್‌ಮಸ್ ಅಜ್ಜಿಯರು. ದೊಡ್ಡ ಒತ್ತು ಎರಡರಲ್ಲೂ ಒಂದೇ ಕಡೆ. ಗುಟ್ಟು ಬಿಡುವುದು ಚಿಕ್ಕ ಒತ್ತು: ಟೊಮೇಟೊದಲ್ಲಿ ಅದು ‘ಮಾ’ ಮೇಲೆ, ಅಜ್ಜಿಯಲ್ಲಿ ‘ಓ’ ಮೇಲೆ. ಮಸಾಜ್ ಮಂಚ ‘ಮಸ್-ˈಸಾ-ಜ-ಬೆಟ್’, ಅಲ್ಲಿಯ ಜ ಫ್ರೆಂಚರಿಂದ ಬಂದ ಮೆದು ಸದ್ದು. ಅದೇ ಅಕ್ಷರಗಳನ್ನು ‘ˈಮಸ್-ಸಾ-ಖ-ಬೆಟ್’ ಎಂದು ಓದಿದರೆ ಸಾಮೂಹಿಕ ಪ್ರಾರ್ಥನೆ! ಇಲ್ಲಿ ದೊಡ್ಡ ಒತ್ತೇ ಜಾಗ ಬದಲಿಸಿತು. ಗುಂಡಿಬಲೆ ‘ˈವಲ್-ಕೌಲ್’ ಅನ್ನು ಗಿಡುಗ ಮತ್ತು ಗೂಬೆ ಅಂತ ಕಡಿದು ಮಕ್ಕಳು ನಗುತ್ತಾರೆ.

ನಗು ಬಾರದ ಜೋಡಿ ಒಂದಿದೆ. ಅದನ್ನು ಚೆನ್ನಾಗಿ ಕಲಿಯಿರಿ. ‘ˈವೋರ್-ಕೋ-ಮನ್’ ಅಂದರೆ ಸಂಭವಿಸು. ‘ವೋರ್-ˈಕೋ-ಮನ್’ ಅಂದರೆ ತಡೆಗಟ್ಟು. ಔಷಧಿ ಚೀಟಿಯಲ್ಲಿ ಎರಡೂ ಬರಬಹುದು, ಅಕ್ಷರ ಒಂದೇ. ಕ್ರಿಯಾಪದ ಮುರಿಯುತ್ತದೆಯೇ ನೋಡಿ. ಒತ್ತು ಮುಂದಿದ್ದರೆ ‘ವೋರ್’ ಬಿಟ್ಟುಹೋಗುತ್ತದೆ: ‘ಹೆಟ್ ಕೋಮ್ಟ್ ವೋರ್’, ಅದು ಆಗುತ್ತದೆ. ‘ಟ’ ಎಂಬ ಪುಟ್ಟ ಪದ ಬಂದರೆ ನಡುವೆ ನುಗ್ಗುತ್ತದೆ: ‘ವೋರ್ ಟ ಕೋಮನ್’. ತಡೆಗಟ್ಟುವ ಅರ್ಥದಲ್ಲಿ ಪದ ಮುರಿಯುವುದಿಲ್ಲ, ‘ಟ’ ಹೊರಗೇ ನಿಲ್ಲುತ್ತದೆ: ‘ಟ ವೋರ್ಕೋಮನ್’. ಹವಾಮಾನದಲ್ಲಿ ‘ˈಓ-ವರ್-ಡ್ರೈ-ವನ್’ ಅಂದರೆ ಮೋಡ ಹಾದುಹೋಗುವುದು, ಮಾತಿನಲ್ಲಿ ‘ಓ-ವರ್-ˈಡ್ರೈ-ವನ್’ ಅಂದರೆ ಬಣ್ಣ ಕಟ್ಟಿ ಹೇಳುವುದು. ಬರೆಯುವಾಗ ಗೊಂದಲ ಆಗುವಂತಿದ್ದರೆ ಒತ್ತಿನ ಸ್ವರದ ತಲೆ ಮೇಲೆ ಓರೆ ಗೀಟು ಹಾಕುವ ಪದ್ಧತಿ ಡಚ್‌ನಲ್ಲೇ ಇದೆ. ಧಾರಾಳವಾಗಿ ಬಳಸಿ.

ಲಕ್ಷಣ 6: ಬರೆದಾಗ ಪದ ತಪ್ಪು ಜಾಗದಲ್ಲಿ ಮುರಿಯುತ್ತದೆ

ಮೊದಲು ಕಂಪ್ಯೂಟರ್‌ನಲ್ಲಿ ದಾಖಲೆಯ ಭಾಷೆ ಡಚ್ ಎಂದಿದೆಯೇ ನೋಡಿ. ಇಂಗ್ಲಿಷ್ ಎಂದಿದ್ದರೆ ಅದು ಸಾಲಿನ ಕೊನೆಯ ಪದವನ್ನು ಇಂಗ್ಲಿಷ್ ಲೆಕ್ಕದಲ್ಲಿ ಕಡಿಯುತ್ತದೆ. ಸರಿಯಿದ್ದೂ ತಪ್ಪಿದರೆ ಕೈಯಿಂದ ಗೆಣ್ಣಿನಲ್ಲಿ ಮುರಿಯಿರಿ. ಒಂದೇ ಅಕ್ಷರವನ್ನು ಸಾಲಿನ ಕೊನೆಯಲ್ಲಿ ಒಂಟಿ ಬಿಡುವಂತಿಲ್ಲ: ‘ಆವೊಂಟ್’ ಪದದ ಮೊದಲ ತುಣುಕು ಒಂದೇ ಅಕ್ಷರ, ಅಲ್ಲಿ ಮುರಿಯಬೇಡಿ. ಅನುಮಾನ ಇದ್ದರೆ ಡಚ್ ಭಾಷಾ ಒಕ್ಕೂಟದ ಅಧಿಕೃತ ಪದಪಟ್ಟಿ ಆನ್‌ಲೈನ್‌ನಲ್ಲಿ ಪುಕ್ಕಟೆ ಇದೆ, ತುಣುಕು ಸಮೇತ ತೋರಿಸುತ್ತದೆ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ಸೇರಿ 1980ರಲ್ಲಿ ಕಟ್ಟಿಕೊಂಡ ಒಕ್ಕೂಟ ಅದು.

ಗೆಣ್ಣಿನಲ್ಲಿ ಜಾಗ ಬಿಟ್ಟು ಬರೆಯುವುದು ಇನ್ನೊಂದು ದೋಷ. ಡಚ್ಚರು ಇದನ್ನು ‘ಇಂಗ್ಲಿಷ್ ಕಾಯಿಲೆ’ ಅಂತಲೇ ಕರೆಯುತ್ತಾರೆ, ಮೂಳೆ ಮೆತ್ತಗಾಗುವ ರೋಗದ ಹಳೆಯ ಹೆಸರನ್ನು ಎರವಲು ತಂದು. ದೂರದ ಓಟಗಾರ ‘ಲಂಗಅಫ್‌ಸ್ಟಂಟ್ಸ್‌ಲೋಪರ್’ ಒಂದೇ ಪದ. ‘ಲಂಗ’ ಆದ ಮೇಲೆ ಜಾಗ ಬಿಟ್ಟರೆ ಎತ್ತರದ ಆಳು ಓಡುತ್ತಾನೆ. ಸ್ವರಕ್ಕೆ ಸ್ವರ ತಾಗಿ ಓದಲು ಕಷ್ಟವಾಗುವ ಕಡೆ ಅಡ್ಡಗೀಟು ಬರುತ್ತದೆ, ಕಡಲ ಬಾತುಕೋಳಿ ‘ಝೇ-ಏಂಟ್’ ಇದ್ದ ಹಾಗೆ.

ಯಾವಾಗ ನಿಲ್ಲಿಸಬೇಕು

ಎರಡು ಸಲ ಹೇಳಿದರೂ ತಿಳಿಯದಿದ್ದರೆ ಮೂರನೇ ಸಲ ಜೋರಾಗಿ ಹೇಳಬೇಡಿ. ಜೋರು ಮಾಡಿದರೆ ಎಲ್ಲ ತುಣುಕಿಗೂ ಒತ್ತು ಬಿದ್ದು ಇನ್ನೂ ಕೆಡುತ್ತದೆ. ಬರೆದು ತೋರಿಸಿ, ಅಥವಾ ಜೋಡುಪದ ಬಿಚ್ಚಿ ‘ಹಲ್ಲಿಗೆ ಡಾಕ್ಟರ್’ ಅನ್ನುವ ಹಾಗೆ ಎರಡು ಪದದಲ್ಲಿ ಹೇಳಿ.

ತುರ್ತಿನಲ್ಲಿ, ಅಂದರೆ 112ಕ್ಕೆ ಕರೆ ಮಾಡಿದಾಗ, ಉಚ್ಚಾರಣೆ ತಿದ್ದುವ ಹೊತ್ತಲ್ಲ ಅದು. ಬೀದಿ ಹೆಸರುಗಳು ಬಹುಪಾಲು ಜೋಡುಪದಗಳೇ. ಅವುಗಳ ಜೊತೆ ಗುದ್ದಾಡಬೇಡಿ. ಪೋಸ್ಟ್‌ಕೋಡಿನ 4 ಅಂಕಿ, 2 ಅಕ್ಷರ, ಆಮೇಲೆ ಮನೆ ನಂಬರ್, ಊರು ಹೇಳಿ. ಇಂಗ್ಲಿಷ್ ಬಂದರೆ ಇಂಗ್ಲಿಷ್‌ನಲ್ಲೇ ಹೇಳಿ. ಔಷಧಿ ಚೀಟಿಯ ‘ವೋರ್ಕೋಮನ್’ ಬಗ್ಗೆ ಅನುಮಾನ ಉಳಿದರೆ ಊಹೆ ಮಾಡದೆ ಔಷಧಿ ಅಂಗಡಿಯಲ್ಲಿ ಕೇಳಿ.

ಇದೆಲ್ಲ ಮಾಡಿ ಒಂದೆರಡು ತಿಂಗಳಾದರೂ ಪರಿಚಯವಿಲ್ಲದವರಿಗೆ ನಿಮ್ಮ ಮಾತು ಅರ್ಥವಾಗದಿದ್ದರೆ ತೊಂದರೆ ಗೆಣ್ಣಿನದಲ್ಲ, ಬಿಡಿ ಸ್ವರಗಳದ್ದು ಇರಬಹುದು. ಅದನ್ನು ನಮ್ಮ ಕಿವಿ ತಾನಾಗಿ ಹಿಡಿಯುವುದು ಕಷ್ಟ. ಎಷ್ಟೋ ಊರಿನ ಗ್ರಂಥಾಲಯಗಳಲ್ಲಿ ಮಾತಿನ ಅಭ್ಯಾಸಕ್ಕೆಂದೇ ‘ಟಾಲ್-ಕಫೇ’ ನಡೆಯುತ್ತದೆ, ಅಲ್ಲಿಂದ ಶುರು ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಉಚ್ಚಾರಣೆ ತಿದ್ದುವ ‘ಲೋಖೋಪೇಡಿಸ್ಟ್’ ಹತ್ತಿರ ಹೋಗಿ. ಹೋಗುವಾಗ ಫೋನಿನಲ್ಲಿ ಮುದ್ರಿಸಿದ್ದನ್ನು ಅಳಿಸದೆ ತೆಗೆದುಕೊಂಡು ಹೋಗಿ, ಬಚ್ಚಲುಮನೆಯದ್ದಾದರೂ ಪರವಾಗಿಲ್ಲ.